ಕಥೆಗಾರನ ದೇವರು ಮತ್ತು ಕದ್ದ ಛತ್ರಿ

ಒಂದು ಸಲ ನನ್ನ ಛತ್ರಿ ಕಳುವಾಯಿತು. ಯಾರದೋ ಸಾವಿನ ಮನೆಗೆ ಹೋಗಿದ್ದೆ. ಬಾಗಿಲ ಪಕ್ಕ ಒರಗಿಸಿಟ್ಟಿದ್ದ ಛತ್ರಿ, ಹೊರಗೆ ಬರುವಷ್ಟರಲ್ಲಿ ಮಾಯ. ಸಾವಿನ ಮನೆಯಲ್ಲಿ ನಿಂತು ‘ನನ್ನ ಛತ್ರಿ ಎಲ್ರೀ’ ಅಂತ ಕೂಗೋಕಾಗುತ್ತಾ? ನೆನೆದುಕೊಂಡೇ ಮನೆಗೆ ಬಂದೆ. ನೆಗಡಿ ಹಿಡಿಯಿತು. ಸಿಟ್ಟಿಗೆ ಒಂದು ಕಥೆ ಬರೆದೆ.

ಕಥೆ ಇಷ್ಟೇ. ಒಬ್ಬ ಸಾವಿನ ಮನೆಯಲ್ಲಿ ಛತ್ರಿ ಕದಿಯುತ್ತಾನೆ. ದಾರಿಯಲ್ಲಿ ಮಳೆ ಜೋರಾಗುತ್ತದೆ. ನೆನೆಯುತ್ತಾ ನಿಂತಿದ್ದ ಒಬ್ಬ ಮುದುಕಿಯನ್ನು ಛತ್ರಿಯೊಳಗೆ ಕರೆದುಕೊಂಡು ಅವಳ ಮನೆ ತನಕ ಬಿಡುತ್ತಾನೆ. ಆಮೇಲೆ ಛತ್ರಿ ಮಡಚಿ, ತನ್ನ ಮನೆಗೆ ಹೋಗಿ ಮಲಗುತ್ತಾನೆ. ಸಿಕ್ಕಿಬೀಳುವುದಿಲ್ಲ. ಪಶ್ಚಾತ್ತಾಪವನ್ನೂ ಪಡುವುದಿಲ್ಲ. ನಿಜದಲ್ಲೇ ಕಳ್ಳ ಸಿಕ್ಕಿರಲಿಲ್ಲ, ಕಥೆಯಲ್ಲಿ ಎಲ್ಲಿಂದ ಸಿಗಬೇಕು? ಆರು ಪುಟದ ಕಥೆ. ಒಂದು ಪತ್ರಿಕೆಯಲ್ಲಿ ಬಂತು. ಹತ್ತು ಜನ ಓದಿದರು, ಮರೆತರು. ಅಲ್ಲಿಗೆ ಎಲ್ಲರೂ ಕ್ಷೇಮ.

ಎಡವಟ್ಟಾಗಿದ್ದು ಅದು ಪುಸ್ತಕವಾದಾಗ. ಬೆನ್ನುಡಿಯ ಕೆಳಗೆ ಪ್ರಕಾಶಕರು ನನ್ನ ಬಗ್ಗೆ ಮೂರು ಸಾಲು ಹಾಕಿದ್ದರು. ಮೂರನೆಯ ಸಾಲಿನ ಕೊನೆಯಲ್ಲಿ ‘ದೈವಭಕ್ತರು’ ಅಂತ ಇತ್ತು. ಯಾಕೆ ಸೇರಿಸಿದಿರಿ ಅಂತ ಕೇಳಿದೆ. ‘ಸ್ವಲ್ಪ ಜಾಗ ಉಳಿದಿತ್ತು ಸಾರ್’ ಅಂದರು.

ಒಂದು ವಾರಕ್ಕೆ ಪತ್ರಗಳು ಶುರುವಾದವು. ಆಸ್ತಿಕ ಓದುಗರೊಬ್ಬರು ಬರೆದರು: ‘ದೈವಭಕ್ತರಾದ ನೀವೇ ಕಳ್ಳನನ್ನು ಹೀಗೆ ಬಿಟ್ಟರೆ ಹೇಗೆ? ಕೊನೆಯಲ್ಲಿ ಒಂದು ಸಿಡಿಲು ಬೀಳಿಸಬಹುದಿತ್ತು. ಹೇಗೂ ಮಳೆ ಬರುತ್ತಿತ್ತು.’ ಅವರ ಸಲಹೆಯಲ್ಲಿ ಕಸುಬಿನ ಜಾಣತನ ಇತ್ತು, ಇಲ್ಲ ಅನ್ನಲಾರೆ. ಇನ್ನೊಂದು ಕಡೆ, ದೇವರನ್ನು ನಂಬದ ವಿಮರ್ಶಕರೊಬ್ಬರಿಗೆ ಅದೇ ಮುದುಕಿಯಲ್ಲಿ ಉಪದೇಶದ ವಾಸನೆ ಬಡಿಯಿತು. ‘ಕಳ್ಳನಿಗೆ ಹೇಗಾದರೂ ಮಾಡಿ ಮೋಕ್ಷ ಕೊಡಿಸುವ ಆತುರ ಲೇಖಕರಿಗೆ’ ಅಂತ ಬರೆದರು. ನನಗೆ ಇದ್ದ ಆತುರ ಒಂದೇ, ಮೂಗು ಒರೆಸಿಕೊಳ್ಳುವುದು.

ಎರಡನೆಯ ಮುದ್ರಣ ಬಂತು. ಅಕ್ಷರ ಸ್ವಲ್ಪ ದೊಡ್ಡದು ಮಾಡಿದ್ದರಿಂದ ಬೆನ್ನುಡಿಯಲ್ಲಿ ಜಾಗ ಸಾಲದೆ ಆ ಶಬ್ದ ಬಿದ್ದುಹೋಯಿತು. ಅಷ್ಟೇ ಆಗಿದ್ದು. ಆದರೆ ಓದುಗರಲ್ಲಿ ಪತ್ತೇದಾರರಿಗೇನು ಬರ ಅಲ್ಲವಲ್ಲ. ಎರಡೂ ಮುದ್ರಣ ಪಕ್ಕಪಕ್ಕ ಇಟ್ಟು ನೋಡಿದ ಯಾರೋ ‘ಇವರು ನಂಬಿಕೆ ಕಳೆದುಕೊಂಡಿದ್ದಾರೆ’ ಅಂತ ಹಬ್ಬಿಸಿದರು. ಈಗ ಕಥೆ ತಲೆಕೆಳಗಾಯಿತು. ಆಸ್ತಿಕರು ‘ಛತ್ರಿ ಅಂದರೆ ದೇವರ ನೆರಳು, ಅದನ್ನು ಕಳ್ಳನ ಕೈಗೆ ಕೊಟ್ಟು ಲೇವಡಿ ಮಾಡಿದ್ದಾನೆ’ ಅಂದರು. ಮೊದಲು ಮೂಗು ಮುರಿದಿದ್ದ ವಿಮರ್ಶಕರು ‘ಮುದುಕಿಯನ್ನು ಕಾಪಾಡಿದ್ದು ಮನುಷ್ಯ, ಮೇಲಿನವನಲ್ಲ. ಎಂಥ ಎದೆಗಾರಿಕೆ!’ ಅಂತ ಮೆಚ್ಚಿ ಬರೆದರು. ಕಥೆಯಲ್ಲಿ ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಬದಲಾಗಿತ್ತು. ಅದು ಮುದ್ರಣದವರ ತಪ್ಪು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅನ್ನುತ್ತಾರೆ. ನನ್ನ ಓದುಗರು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಇವತ್ತು ಯಾವ ಬಣ್ಣ ಕಾಣಬೇಕು ಅಂತ ಬೆನ್ನುಡಿ ನೋಡಿ ತೀರ್ಮಾನ ಮಾಡುತ್ತಾರೆ.

ನಾನೇನೋ ಸಣ್ಣ ಛತ್ರಿ. ದೊಡ್ಡ ದೊಡ್ಡವರೇ ಈ ಮಳೆಯಲ್ಲಿ ನೆಂದಿದ್ದಾರೆ. ಹ್ಯಾರಿ ಪಾಟರ್ ನೋಡಿ. ಮಾಟ, ಮಂತ್ರದಂಡ, ಪೊರಕೆ ಮೇಲೆ ಹಾರುವ ಮಕ್ಕಳು. ಇದು ಸೈತಾನನ ಪಠ್ಯಪುಸ್ತಕ ಅಂತ ಎಷ್ಟೋ ಧರ್ಮಭೀರುಗಳಿಗೆ ಖಾತ್ರಿಯಾಗಿಬಿಟ್ಟಿತು. 2001ರ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಅನ್ನುವ ಊರಿನಲ್ಲಿ ಒಂದು ಚರ್ಚಿನವರು ಆ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಮುಂದೆ ನಿಂತು ಹಾಕಿಸಿದ ಪಾದ್ರಿ ಪುಸ್ತಕ ಓದಿರಲಿಲ್ಲ. ಓದಿ ಸುಡುವಷ್ಟು ಪುರುಸೊತ್ತು ಯಾರಿಗಿರುತ್ತೆ? 2000ದಿಂದ 2009ರವರೆಗಿನ ಹತ್ತು ವರ್ಷದಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳು ಅಂತ ಅಮೆರಿಕದ ಗ್ರಂಥಾಲಯ ಸಂಘ ಮಾಡಿದ ಪಟ್ಟಿಯಲ್ಲಿ ಮೊದಲನೆಯ ಜಾಗ ಈ ಸರಣಿಗೇ.

ಈಗ ತಮಾಷೆ ಕೇಳಿ. ಅದನ್ನು ಬರೆದ ರೌಲಿಂಗ್ ಚರ್ಚ್ ಆಫ್ ಸ್ಕಾಟ್ಲೆಂಡ್‌ಗೆ ಸೇರಿದ ಹೆಂಗಸು. ದೇವರನ್ನು ನಂಬುತ್ತೀರಾ ಅಂತ ಕೇಳಿದಾಗಲೆಲ್ಲ ಹೌದು ಅಂದಿದ್ದಾರೆ. ಅದಕ್ಕಿಂತ ಜಾಸ್ತಿ ಯಾಕೆ ಮಾತಾಡುವುದಿಲ್ಲ ಅನ್ನುವುದಕ್ಕೆ 2000ದಲ್ಲಿ ಅವರು ಕೊಟ್ಟ ಕಾರಣ ಇದು: ಜಾಸ್ತಿ ಹೇಳಿದರೆ ಬುದ್ಧಿವಂತ ಓದುಗರು ಮುಂದಿನ ಕಥೆಯನ್ನೇ ಊಹಿಸಿಬಿಡುತ್ತಾರೆ. ಅಂದರೆ ಒಬ್ಬ ಕಥೆಗಾರ್ತಿ ತನ್ನ ಭಕ್ತಿಯನ್ನು ಪತ್ತೇದಾರಿ ಕಾದಂಬರಿಯ ಕೊಲೆಗಾರನ ಹೆಸರಿನಂತೆ ಮುಚ್ಚಿಟ್ಟುಕೊಳ್ಳಬೇಕಾಯಿತು. 2007ರಲ್ಲಿ ಕೊನೆಯ ಪುಸ್ತಕ ಬಂತು. ಅದರಲ್ಲಿ ಎರಡು ಸಮಾಧಿ ಕಲ್ಲುಗಳ ಮೇಲೆ ಬೈಬಲ್ಲಿನ ಎರಡು ಸಾಲುಗಳು ಕೆತ್ತಿದ್ದವು. ಆರು ವರ್ಷದ ಹಿಂದೆ ಬೆಂಕಿ ಹಚ್ಚಿದವರಿಗೆ ಅಷ್ಟರಲ್ಲಿ ಪಾಪ ಬೂದಿ ಮಾತ್ರ ಉಳಿದಿತ್ತು.

ಇದಕ್ಕೆ ಜೋಡಿ ಇನ್ನೊಂದಿದೆ. ಫಿಲಿಪ್ ಪುಲ್‌ಮನ್ ಅನ್ನುವ ಇಂಗ್ಲಿಷ್ ಲೇಖಕರು ದೇವರನ್ನು ನಂಬುವವರಲ್ಲ. ಅವರ ಮೂರು ಸಂಪುಟದ ಮಕ್ಕಳ ಕಾದಂಬರಿಯಲ್ಲಿ ಧರ್ಮಸಂಸ್ಥೆಯೇ ಖಳನಾಯಕ. ಇದನ್ನು ಶಾಲೆಗಳ ಧಾರ್ಮಿಕ ಶಿಕ್ಷಣದ ತರಗತಿಯಲ್ಲಿ ಓದಿಸಬಹುದು ಅಂತ 2004ರಲ್ಲಿ ಹೇಳಿದವರು ಯಾರು ಗೊತ್ತಾ? ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಚರ್ಚಿನ ಅತಿ ಹಿರಿಯ ಧರ್ಮಗುರು. ಭಕ್ತೆಯ ಪುಸ್ತಕ ಬೆಂಕಿಗೆ, ನಾಸ್ತಿಕನದು ಪಠ್ಯಕ್ಕೆ. ಆರ್ಚ್‌ಬಿಷಪ್ ಮಾಡಿದ ದೊಡ್ಡ ಅಪರಾಧ ಅಂದರೆ, ಪುಸ್ತಕವನ್ನು ಓದಿದ್ದು.

ಹಾಗಂತ ಹುಡುಕುವವರೆಲ್ಲ ಪೆದ್ದರು ಅಂತ ನಾನು ಹೇಳಲಾರೆ. ಅಲ್ಲೇ ನನ್ನ ಹೊಟ್ಟೆಯುರಿ ಇರೋದು. ಅವರಿಗೆ ಒಂದೊಂದು ಸಲ ನಿಜವಾಗಿ ಏನಾದರೂ ಸಿಕ್ಕಿಬಿಡುತ್ತದೆ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಕಟ್ಟಾ ಕ್ಯಾಥೊಲಿಕ್. ಆದರೆ ಒಂದು ಕೆಟ್ಟ ಉಂಗುರವನ್ನು ಬೆಂಕಿಗೆ ಹಾಕಲು ಹೊರಟವರ ಕಥೆಯಾದ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಗುಡಿ ಇಲ್ಲ, ಚರ್ಚಿಲ್ಲ, ಪುರೋಹಿತರಿಲ್ಲ. ಸಂಕೇತ ಹುಡುಕುವವರ ಕಾಟಕ್ಕೋ ಏನೋ, ರೂಪಕಕಥೆ ಅಂದರೆ ನನಗಾಗದು ಅಂತ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಖಡಕ್ಕಾಗಿ ಬರೆದುಬಿಟ್ಟರು. ಓದುಗರು ಬಿಡುತ್ತಾರಾ? ಪುಸ್ತಕದ ಕೊನೆಯ ಅನುಬಂಧದಲ್ಲಿದ್ದ ತಾರೀಕುಗಳನ್ನು ಹಿಡಿದುಕೊಂಡು ಕೂತರು. ಉಂಗುರ ಹೊತ್ತವರು ಹೊರಡುವುದು ಡಿಸೆಂಬರ್ 25. ಉಂಗುರ ಬೆಂಕಿಗೆ ಬೀಳುವುದು ಮಾರ್ಚ್ 25. ಮೊದಲನೆಯದು ಕ್ರಿಸ್ತ ಹುಟ್ಟಿದ ದಿನ, ಎರಡನೆಯದು ಕ್ರಿಸ್ತ ಹುಟ್ಟುತ್ತಾನೆ ಅಂತ ದೇವದೂತ ಮೇರಿಗೆ ಸುದ್ದಿ ತಂದ ದಿನ. ‘ನೋಡಿದ್ಯಾ, ಸಿಕ್ಕಿಬಿದ್ದ!’

ಹೌದು, ಸಿಕ್ಕಿಬಿದ್ದರು. ಅವರೇ 1953ರಲ್ಲಿ ಒಬ್ಬ ಪಾದ್ರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ, ಇದು ಮೂಲತಃ ಧಾರ್ಮಿಕ, ಕ್ಯಾಥೊಲಿಕ್ ಕೃತಿ ಅಂತ. ಆದ್ದರಿಂದಲೇ ಪೂಜೆ ಪುನಸ್ಕಾರದಂಥದ್ದನ್ನೆಲ್ಲ ಕಿತ್ತುಹಾಕಿದೆ ಅಂತಲೂ ಸೇರಿಸಿದ್ದಾರೆ. ಈ ‘ಆದ್ದರಿಂದಲೇ’ ಇದೆಯಲ್ಲ, ಅದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಭಕ್ತಿ ಇದೆ, ಆದ್ದರಿಂದ ಕಾಣಬಾರದು. ನಮ್ಮ ಓದುಗರ ಲೆಕ್ಕ ಉಲ್ಟಾ. ಭಕ್ತಿ ಇದ್ದರೆ ಮೂರು ಪುಟಕ್ಕೊಂದು ಸಲ ಗಂಟೆ ಬಾರಿಸಬೇಕು.

ಗಂಟೆ ಬಾರಿಸಿದವರೂ ಇದ್ದರು, ಟೋಲ್ಕಿನ್ ಅವರ ಗೆಳೆಯನೇ, ಲೇಖಕ ಸಿ. ಎಸ್. ಲೂಯಿಸ್. ಲೂಯಿಸ್ ಮೊದಲು ನಾಸ್ತಿಕ. 1931ರಲ್ಲಿ ಒಂದು ರಾತ್ರಿ ಟೋಲ್ಕಿನ್ ಮತ್ತು ಇನ್ನೊಬ್ಬ ಗೆಳೆಯ ಅವರ ಜತೆ ಬೆಳಗಿನ ಜಾವದವರೆಗೂ ಮಾತಾಡಿ ಮನಸ್ಸನ್ನು ಕ್ರಿಸ್ತನ ಕಡೆ ತಿರುಗಿಸಿದರು. ಹಾಗೆ ತಿರುಗಿದ ಲೂಯಿಸ್ ಮುಂದೆ 1950ರಲ್ಲಿ ಒಂದು ಸಿಂಹದ ಕಥೆ ಬರೆದರು. ಸಿಂಹ ಇನ್ನೊಬ್ಬರ ತಪ್ಪಿಗೆ ಸಾಯುತ್ತದೆ, ಮತ್ತೆ ಎದ್ದು ಬರುತ್ತದೆ. ಯಾರು ಆ ಸಿಂಹ ಅಂತ ಕೇಳುವ ಅಗತ್ಯವೇ ಇಲ್ಲ. ಟೋಲ್ಕಿನ್‌ಗೆ ಆ ಪುಸ್ತಕ ಹಿಡಿಸಲಿಲ್ಲ. ಕ್ರಿಸ್ತನನ್ನು ಪರಿಚಯ ಮಾಡಿಕೊಟ್ಟವರಿಗೇ ಇಷ್ಟವಾಗಲಿಲ್ಲ ಅಂದ ಮೇಲೆ ಒಂದೇ ದೇವರು, ಒಂದೇ ಥರ ಕಾದಂಬರಿ ಅನ್ನುವ ಲೆಕ್ಕ ಎಲ್ಲಿ ಉಳಿಯಿತು?

ಭಕ್ತ ಬರೆದರೆ ಕಥೆ ಒಳ್ಳೆಯದೇ ಹೇಳಬೇಕು ಅನ್ನುವವರಿಗೆ ನಾನು ಅಮೆರಿಕದ ಲೇಖಕಿ ಫ್ಲಾನರಿ ಒಕಾನರ್ ಅವರ ಒಂದು ಕಥೆ ಹೇಳುತ್ತೇನೆ. ಅವರದು ಅಳ್ಳಾಡದ ನಂಬಿಕೆ. 1955ರ ಕಥೆ ಅದು. ಒಬ್ಬ ಹುಡುಗ ಮನೆಮನೆಗೆ ಬೈಬಲ್ ಮಾರುತ್ತಾ ಬರುತ್ತಾನೆ. ಮರದ ಕಾಲಿರುವ, ದೇವರನ್ನು ನಂಬದ, ತುಂಬಾ ಓದಿದ ಹೆಣ್ಣೊಬ್ಬಳನ್ನು ಅಟ್ಟಕ್ಕೆ ಹತ್ತಿಸುತ್ತಾನೆ. ಬೈಬಲ್ ತೆರೆದರೆ ಒಳಗೆ ಟೊಳ್ಳು. ಅದರಲ್ಲಿ ವಿಸ್ಕಿ, ಇಸ್ಪೀಟೆಲೆ. ಕೊನೆಗೆ ಅವಳ ಮರದ ಕಾಲನ್ನು ಕದ್ದುಕೊಂಡು ಇಳಿದು ಹೋಗುತ್ತಾನೆ. ಸಿಕ್ಕಿಬೀಳುವುದಿಲ್ಲ, ಪಶ್ಚಾತ್ತಾಪವನ್ನೂ ಪಡುವುದಿಲ್ಲ. ನನ್ನ ಕಳ್ಳ ಛತ್ರಿ ಕದ್ದ, ಅಷ್ಟಕ್ಕೇ ನನಗೆ ಸಿಡಿಲಿನ ಸಲಹೆ ಬಂತು. ಕಾಲು ಕದ್ದವನಿಗೆ ಎಷ್ಟು ಪತ್ರ ಬಂದಿರಬೇಕು, ನೀವೇ ಯೋಚನೆ ಮಾಡಿ.

ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕಥೆ ಇನ್ನೂ ಚೆನ್ನ. 1926ರಲ್ಲಿ ಅವರು ಕ್ಯಾಥೊಲಿಕ್ ಆದರು. ಮದುವೆಯಾಗಬೇಕಿದ್ದ ಹುಡುಗಿ ಕ್ಯಾಥೊಲಿಕ್, ಅವಳು ನಂಬೋದೇನು ಅಂತ ತಿಳಿದುಕೊಳ್ಳೋಣ ಅಂತ ಹೋದವರು ಅಲ್ಲೇ ಉಳಿದರು. 1940ರಲ್ಲಿ ಒಂದು ಕಾದಂಬರಿ ಬರೆದರು. ಅದರಲ್ಲಿ ಪಾದ್ರಿಯೊಬ್ಬ ಕುಡುಕ, ಒಂದು ಮಗುವಿಗೆ ಅಪ್ಪ ಬೇರೆ. ಆದರೂ ಪ್ರಾಣದ ಆಸೆ ಬಿಟ್ಟು ತನ್ನ ಕೆಲಸ ಮಾಡುತ್ತಾನೆ. ರೋಮಿನ ಧರ್ಮಪೀಠದ ಕಚೇರಿಗೆ ಕುಡಿತ ಕಂಡಿತು, ಕೆಲಸ ಕಾಣಲಿಲ್ಲ. ತಿದ್ದಿ ಅಂತ ಹೇಳಿ ಕಳಿಸಿದರು. ಗ್ರೀನ್ ತಿದ್ದಲಿಲ್ಲ. ಹಲವು ವರ್ಷ ಕಳೆದು ಆರನೆಯ ಪಾಲ್ ಪೋಪರ ಎದುರು ಕೂತಾಗ, ಆ ಕಾದಂಬರಿ ಓದಿದ್ದೇನೆ ಅಂದರು ಪೋಪ್. ಅದನ್ನು ನಿಮ್ಮವರೇ ಖಂಡಿಸಿದ್ದಾರಲ್ಲ ಅಂದರು ಗ್ರೀನ್. ಪೋಪ್ ನಕ್ಕು, ನಿಮ್ಮ ಪುಸ್ತಕದ ಕೆಲವು ಭಾಗ ಕೆಲವು ಕ್ಯಾಥೊಲಿಕರಿಗೆ ನೋವು ಮಾಡಿಯೇ ಮಾಡುತ್ತದೆ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಅಂದರಂತೆ. ಇದನ್ನು ಗ್ರೀನ್ ಅವರೇ ಬರೆದುಕೊಂಡಿದ್ದಾರೆ. ನೋಡಿ, ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಎಲ್ಲ ಕಡೆ ನಡೆಯುವ ಮಾತೇ. ‘ನಾನು ಕ್ಯಾಥೊಲಿಕ್ ಲೇಖಕನಲ್ಲ, ಲೇಖಕ, ಅದರ ಜತೆಗೆ ಕ್ಯಾಥೊಲಿಕ್ಕೂ ಹೌದು’ ಅಂತ ಅವರು ಜೀವನಪೂರ್ತಿ ಹೇಳುತ್ತಲೇ ಇದ್ದರು. ಯಾರು ಕೇಳಿಸಿಕೊಂಡರು?

ಎಲ್ಲ ಕಡೆಯೂ ಇದು ನಗುವ ವಿಷಯವಲ್ಲ ಅನ್ನುವುದೂ ಗೊತ್ತಿದೆ. ಈಜಿಪ್ಟಿನ ನಜೀಬ್ ಮಹಫೂಜ್ 1959ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಒಂದು ಕಾದಂಬರಿಗಾಗಿ, 35 ವರ್ಷ ಆದ ಮೇಲೆ, 1994ರಲ್ಲಿ ಅವರ ಕುತ್ತಿಗೆಗೆ ಚೂರಿ ಬಿತ್ತು. ಅವರಿಗಾಗ 82 ವರ್ಷ. ಉಳಿದರು, ಆದರೆ ಬರೆಯುವ ಕೈ ಸೋತುಹೋಯಿತು. ಚೂರಿ ಹಾಕಿದವನೂ ಅವರ ಪುಸ್ತಕ ಓದಿರಲಿಲ್ಲ. ಅಲಮೊಗೊರ್ಡೊದ ಬೆಂಕಿ ನೆನಪಾಯಿತಾ? ಇವರನ್ನು ಓದುಗರು ಅಂತ ಕರೆಯುವುದೇ ತಪ್ಪು.

ಓದಿದವರ ವಿಷಯಕ್ಕೇ ವಾಪಸ್ ಬರುತ್ತೇನೆ. ಜನಕ್ಕೆ ಇಷ್ಟೊಂದು ಗೊಂದಲ ಆಗುವುದಾದರೆ ಔಷಧದ ಬಾಟಲಿಗೆ ಅಂಟಿಸುವ ಹಾಗೆ ಪುಸ್ತಕಕ್ಕೂ ಒಂದು ಚೀಟಿ ಅಂಟಿಸಿಬಿಡಿ ಅಂತ ನನ್ನ ಪ್ರಕಾಶಕರಿಗೆ ಹೇಳಿದೆ. ‘ಲೇಖಕರ ನಂಬಿಕೆ: ಮಧ್ಯಮ. ಈ ಕಾದಂಬರಿಯಲ್ಲಿ ಪ್ರಾರ್ಥನೆ ಎರಡು, ಹಾಸಿಗೆ ದೃಶ್ಯ ಒಂದು, ಸಂಶಯ ಹದಿನಾಲ್ಕು ಕಡೆ. ಪ್ರಾರ್ಥನೆ ಎರಡೂ ಫಲಿಸುವುದಿಲ್ಲ. ಭಕ್ತರು ಊಟದ ನಂತರ ಓದಬೇಕು. ನಾಸ್ತಿಕರು 83ನೆಯ ಪುಟ ಬಿಟ್ಟು ಓದಬೇಕು. ಚೆನ್ನಾಗಿ ಅಲ್ಲಾಡಿಸಿ.’ ಅವರು ನಗಲಿಲ್ಲ. ಬರೆದುಕೊಂಡರು.

ನಾಸ್ತಿಕ ಲೇಖಕರಿಗೇನೂ ಇದರಿಂದ ವಿನಾಯಿತಿ ಇಲ್ಲ ಬಿಡಿ. ಅವರ ಕಾದಂಬರಿಯಲ್ಲಿ ಪುರೋಹಿತ ಕಳ್ಳನಾಗಿರಲೇಬೇಕು. ನಾಯಕ ಒಂದು ರಾತ್ರಿ ಕಿಟಕಿ ಹತ್ತಿರ ನಿಂತು ‘ಮೇಲೆ ಯಾರೂ ಇಲ್ಲ’ ಅನ್ನಲೇಬೇಕು. ಅಪ್ಪಿತಪ್ಪಿ ಒಬ್ಬ ಒಳ್ಳೆಯ ಪುರೋಹಿತ ಬಂದರೆ ‘ವಯಸ್ಸಾಯ್ತು, ಈಗ ಭಯ ಶುರುವಾಗಿದೆ’ ಅನ್ನುತ್ತಾರೆ. ಭಕ್ತ ಲೇಖಕರ ಕಷ್ಟ ಇದರ ಪಡಿಯಚ್ಚು. ಅವರ ಕಾದಂಬರಿಯ ಸೈತಾನ ಕೂಡಾ ಸ್ವಲ್ಪ ಬೋರಾಗಿರಬೇಕು. ಇದರಲ್ಲಿ ಸೋತವರಲ್ಲಿ ದೊಡ್ಡವರು ಮಿಲ್ಟನ್. ದೇವರ ದಾರಿ ಸರಿ ಅಂತ ಮನುಷ್ಯರಿಗೆ ತೋರಿಸಿಕೊಡುತ್ತೇನೆ ಅಂತಲೇ ಆ ಕುರುಡು ಕವಿ ಹೊರಟಿದ್ದು. 1667ರಲ್ಲಿ ಅವರ ಇಂಗ್ಲಿಷ್ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ ಅಚ್ಚಾಯಿತು. ಸೈತಾನ ಬಾಯಿ ಬಿಟ್ಟಾಗಲೆಲ್ಲ ಓದುಗರು ಎದ್ದು ಕೂರುತ್ತಾರೆ. ಮಿಲ್ಟನ್ ತನಗೇ ಗೊತ್ತಿಲ್ಲದೆ ಸೈತಾನನ ಪಕ್ಷದವನು ಅಂತ ನೂರು ವರ್ಷ ಕಳೆದ ಮೇಲೆ ಕವಿ ಬ್ಲೇಕ್ ಬರೆದ. ಅಷ್ಟು ಭಕ್ತಿಯಿಂದ ಬರೆದರೂ ಪಾಪ, ಪಕ್ಷಾಂತರದ ಆರೋಪ.

ಇಷ್ಟು ಓದುವಷ್ಟರಲ್ಲಿ ನಿಮಗೂ ಒಂದು ಪ್ರಶ್ನೆ ಬಂದಿರುತ್ತೆ. ಸುಳ್ಳು ಹೇಳಬೇಡಿ. ಈ ಮನುಷ್ಯ ಯಾವ ಕಡೆಯವನು? ಪುಲ್‌ಮನ್ ಬಂದಾಗ ಅತ್ತ ಅನ್ನಿಸಿತು, ಟೋಲ್ಕಿನ್ ಬಂದಾಗ ಇತ್ತ. ‘ಬೆಂಕಿ ಹಚ್ಚಿದವರು’ ಅಂದಾಗ ಒಂದು ಗುರುತು ಹಾಕಿಕೊಂಡಿರಿ, ಪೋಪ್ ನಕ್ಕಾಗ ಅಳಿಸಿದಿರಿ. ಹಾಕ್ತಾ ಇರಿ.

ಹೋದ ತಿಂಗಳು ಇದೇ ಪುಸ್ತಕದ ಮೇಲೆ ಒಂದು ಸಂವಾದ ಇಟ್ಟಿದ್ದರು. ನಲವತ್ತು ಜನ ಇದ್ದಿರಬಹುದು. ಎಡಗಡೆ ಒಂದು ಗುಂಪು, ಬಲಗಡೆ ಒಂದು ಗುಂಪು, ನಡುವೆ ಖಾಲಿ ಕುರ್ಚಿಗಳು. ಮೊದಲ ಪ್ರಶ್ನೆಯೇ ಬಂತು.

‘ಸಾರ್, ಒಂದೇ ಪ್ರಶ್ನೆ. ನೀವು ನಂಬ್ತೀರಾ?’

‘ಯಾವುದನ್ನ?’

‘ಅದೇ ಸಾರ್, ಮೇಲಿರೋದನ್ನ.’

ಮೇಲೆ ಫ್ಯಾನ್ ತಿರುಗುತ್ತಿತ್ತು. ಒಂದು ರೆಕ್ಕೆ ಸ್ವಲ್ಪ ಸಡಿಲ ಇದ್ದ ಹಾಗಿತ್ತು, ಅದರ ಕೆಳಗೇ ನನ್ನ ಕುರ್ಚಿ. ‘ಬೆಳಿಗ್ಗೆ ನಂಬ್ತೀನಿ. ಮಧ್ಯಾಹ್ನ ಸ್ವಲ್ಪ ಕಮ್ಮಿ. ರಾತ್ರಿ ಎದೆ ಹಿಡಿದುಕೊಂಡರೆ ಜಾಸ್ತಿ’ ಅಂದೆ. ನಿಜವಾಗಿಯೂ ಅಷ್ಟೇ. ಎರಡೂ ಗುಂಪಿಗೆ ಸಮಾಧಾನ ಆಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬರು ನೋಟ್‌ಬುಕ್ಕಿನಲ್ಲಿ ಏನೋ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಆಮೇಲೆ ಮುಕ್ಕಾಲು ಗಂಟೆ ಛತ್ರಿ ಅಂದರೆ ದೇವರೋ, ದೇವರಿಲ್ಲದಿರುವುದೋ ಅನ್ನುವ ಬಗ್ಗೆ ಅವರವರೇ ಕಿತ್ತಾಡಿದರು. ನನ್ನನ್ನು ಯಾರೂ ಕೇಳಲಿಲ್ಲ. ಆರಾಮಾಗಿ ಫ್ಯಾನ್ ನೋಡುತ್ತಾ ಕೂತಿದ್ದೆ.

ಕೊನೆಯಲ್ಲಿ ನಡುವಿನ ಖಾಲಿ ಸಾಲಿನಲ್ಲಿ ಒಬ್ಬರೇ ಕೂತಿದ್ದ ವಯಸ್ಸಾದ ಹೆಂಗಸು ಎದ್ದರು.

‘ಒಂದು ಛತ್ರಿಯೊಳಗೆ ಇಬ್ಬರು ಅಂದ್ರೆ, ಅದೂ ಮುದುಕಿ ನೆನೀಬಾರದು ಅಂತ ಹಿಡಿದಿದ್ದಾನೆ ಅಂದ್ರೆ, ಅವನ ಬಲಗಡೆ ಪೂರ್ತಿ ನೆನೆದಿರ್ಬೇಕಲ್ವಾ?’

‘ಹೌದು’ ಅಂದೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

‘ಮನೆ ಬಂದ ಮೇಲೆ ಅವಳು ಅವನಿಗೆ ಒಂದು ಟವೆಲ್ ಆದ್ರೂ ಕೊಟ್ಟಳಾ? ನೀವು ಬರೆದೇ ಇಲ್ಲ.’

‘ಕೊಟ್ಟಿರಬೇಕು ಅಮ್ಮಾ. ಮರೆತೆ.’

‘ಮೇಡಂ, ದಯವಿಟ್ಟು ವಿಷಯಕ್ಕೆ ಬನ್ನಿ’ ಅಂದರು ಮೈಕ್ ಹಿಡಿದಿದ್ದವರು. ಅವರು ಕೂತರು.

ಸಂವಾದ ಮುಗಿದು ಹೊರಗೆ ಬಂದರೆ ಮಳೆ. ಛತ್ರಿ ಇಟ್ಟಿದ್ದ ಮೂಲೆಗೆ ಹೋಗಿ ನೋಡಿದೆ, ನನ್ನದು ಇರಲಿಲ್ಲ. ಒಂದು ಕಡ್ಡಿ ಮುರಿದ ಹಳೇ ಕಪ್ಪು ಛತ್ರಿ. ಅದನ್ನೂ ಯಾರೋ ಬಿಡಲಿಲ್ಲ. ಅಲ್ಲಿದ್ದ ಹುಡುಗ ಓಡಿ ಬಂದು ‘ಸಾರ್, ನಿಮ್ಮ ಛತ್ರಿ’ ಅಂತ ಒಂದನ್ನು ಕೈಗಿಟ್ಟ. ಮರದ ಹಿಡಿ, ಹೊಸ ಬಟ್ಟೆ, ಗುಂಡಿ ಒತ್ತಿದರೆ ಪಟ್ ಅಂತ ಬಿಚ್ಚಿಕೊಳ್ಳುವಂಥದ್ದು. ನಂದಲ್ಲಪ್ಪ ಅನ್ನಬೇಕು ಅಂತ ಬಾಯಿ ತೆರೆದೆ. ಮಳೆ ಜೋರಾಯಿತು. ತಗೊಂಡೆ.

ಮೆಟ್ಟಿಲ ಹತ್ತಿರ ಆ ಅಮ್ಮ ಸೆರಗು ತಲೆ ಮೇಲೆ ಹೊದ್ದು, ಮಳೆ ನಿಲ್ಲಲಿ ಅಂತ ಕಾಯುತ್ತಾ ನಿಂತಿದ್ದರು. ‘ಬನ್ನಿ’ ಅಂದೆ.

ಬಲಗಡೆ ಪೂರ್ತಿ ನೆನೆಯಿತು.